ಜಾತ್ರೆಯ ಅಂಗಡಿ, ರಥಬೀದಿಯ ಬ್ಯಾನರ್: ಧಾರ್ಮಿಕ ಸ್ವಾತಂತ್ರ್ಯ ಎಲ್ಲಿಯವರೆಗೆ?

ಪ್ರಶ್ನೆ: ನಾನು ಕರಾವಳಿಯ ತಾಲೂಕು ಕೇಂದ್ರವೊಂದರಲ್ಲಿ, ಧಾರ್ಮಿಕ ದತ್ತಿ ಇಲಾಖೆಗೆ ಸೇರಿದ ದೇವಸ್ಥಾನದ ವ್ಯವಸ್ಥಾಪನಾ ಸಮಿತಿಯ ಸದಸ್ಯ. ಬರುವ ರಥೋತ್ಸವಕ್ಕೆ ಅಂಗಡಿ ಜಾಗದ ಏಲಂ ಆಗಬೇಕಿದೆ. ಅಷ್ಟರಲ್ಲಿ ರಥಬೀದಿಯ ಎರಡೂ ತುದಿಗಳಲ್ಲಿ ‘ಈ ಜಾತ್ರೆಯಲ್ಲಿ ಅನ್ಯಮತೀಯರ ವ್ಯಾಪಾರಕ್ಕೆ ಅವಕಾಶವಿಲ್ಲ’ ಎಂಬ ಬ್ಯಾನರ್ ಕಟ್ಟಿದ್ದಾರೆ, ಕಟ್ಟಿದವರ ಹೆಸರಿಲ್ಲ. ಊರಿನ ವಾಟ್ಸಾಪ್ ಗುಂಪುಗಳಲ್ಲಿ ‘ಅವರಿಂದ ಏನನ್ನೂ ಕೊಳ್ಳಬೇಡಿ, ಬಂದರೆ ನೋಡಿಕೊಳ್ಳುತ್ತೇವೆ’ ಎಂಬ ಧ್ವನಿಸಂದೇಶ ಓಡಾಡುತ್ತಿದೆ. ಅದಕ್ಕೆ ಉತ್ತರವೆಂಬಂತೆ ಇನ್ನೊಂದು ಸಮುದಾಯದ ಹುಡುಗನೊಬ್ಬ ನಮ್ಮ ದೇವಿಯ ಚಿತ್ರವನ್ನು ಅಶ್ಲೀಲವಾಗಿ ತಿರುಚಿ ಹಾಕಿದ್ದಾನೆ. ‘ನಮ್ಮ ದೇವಸ್ಥಾನ, ನಮ್ಮ ಧಾರ್ಮಿಕ ಸ್ವಾತಂತ್ರ್ಯ’ ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಾರೆ. ಇದು ಸರಿಯೇ? ದೂರು ಕೊಟ್ಟರೆ ಏನಾದರೂ ಆಗುತ್ತದೆಯೇ?

ಉತ್ತರ: ನೀವು ಬರೆದಿರುವುದು ಒಂದೇ ಗಲಾಟೆಯಂತೆ ಕಂಡರೂ ಕಾನೂನು ಅದನ್ನು ನಾಲ್ಕಾಗಿ ಬಿಡಿಸಿ ನೋಡುತ್ತದೆ: ಏಲಂ, ಬ್ಯಾನರ್, ಧ್ವನಿಸಂದೇಶ ಮತ್ತು ಚಿತ್ರ. ಮೊದಲನೆಯದು ನಿಮ್ಮ ಸಮಿತಿಯ ಕೈಯಲ್ಲೇ ಇದೆ. ಉಳಿದ ಮೂರಕ್ಕೆ ಠಾಣೆಯ ಮೆಟ್ಟಿಲು ಹತ್ತಬೇಕು. ನಿಮ್ಮ ಸಹಸದಸ್ಯರ ಮಾತಿನಲ್ಲಿ ಸತ್ಯದ ಅಂಶವಿದೆ ಎಂಬುದನ್ನು ಮೊದಲು ಒಪ್ಪಿಕೊಂಡೇ ಮುಂದೆ ಹೋಗೋಣ, ಏಕೆಂದರೆ ಅದನ್ನು ಅಲ್ಲಗಳೆದು ಆರಂಭಿಸುವ ವಾದವನ್ನು ಸಮಿತಿಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಸಂವಿಧಾನದ 25ನೇ ವಿಧಿಯು ಪ್ರತಿಯೊಬ್ಬ ವ್ಯಕ್ತಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ತನ್ನ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನೂ ಕೊಡುತ್ತದೆ. 26ನೇ ವಿಧಿಯು ಧಾರ್ಮಿಕ ಪಂಗಡಗಳಿಗೆ ‘ಧರ್ಮದ ವಿಷಯಗಳಲ್ಲಿ’ ತಮ್ಮ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಈ ವಿಧಿಗಳಿಗೆ ಸುಪ್ರೀಂ ಕೋರ್ಟ್ ಮೊದಲ ದೊಡ್ಡ ವ್ಯಾಖ್ಯಾನ ಕೊಟ್ಟದ್ದು ನಿಮ್ಮ ಸೀಮೆಯ ಮೊಕದ್ದಮೆಯಲ್ಲಿಯೇ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಶ್ರೀ ಲಕ್ಷ್ಮೀಂದ್ರ ತೀರ್ಥರು ಮದ್ರಾಸ್ ಸರ್ಕಾರದ ಧಾರ್ಮಿಕ ದತ್ತಿ ಕಾಯ್ದೆಯನ್ನು ಪ್ರಶ್ನಿಸಿದ್ದರು. ಆಗ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದ ಭಾಗವಾಗಿತ್ತು. ಪರ್ಯಾಯದ (ಅಷ್ಟಮಠಗಳು ಸರದಿಯಂತೆ ಕೃಷ್ಣಪೂಜೆ ವಹಿಸಿಕೊಳ್ಳುವ ಪದ್ಧತಿಯ) ಖರ್ಚಿನಿಂದಾದ ಸಾಲ, ಆ ಸಾಲದ ನೆಪದಲ್ಲಿ ಮಠದ ಆಡಳಿತದೊಳಗೆ ಅಧಿಕಾರಿಗಳ ಪ್ರವೇಶ, ಹೀಗೆ ತೀರಾ ಲೌಕಿಕವಾಗಿ ಹುಟ್ಟಿದ ವ್ಯಾಜ್ಯವದು. 1954ರಲ್ಲಿ ಬಂದ ತೀರ್ಪಿನಲ್ಲಿ ನ್ಯಾಯಾಲಯವು, ಒಂದು ಧರ್ಮಕ್ಕೆ ಯಾವುದು ಅತ್ಯಗತ್ಯ ಎಂಬುದನ್ನು ಆ ಧರ್ಮದ ಸಿದ್ಧಾಂತಗಳ ಆಧಾರದ ಮೇಲೆಯೇ ತಿಳಿಯಬೇಕು, ಯಾವ ವಿಧಿ, ಯಾವ ಕ್ರಮ ನಡೆಯಬೇಕು ಎಂಬುದರಲ್ಲಿ ಹೊರಗಿನ ಅಧಿಕಾರಿ ಕೈಹಾಕುವಂತಿಲ್ಲ ಎಂದಿತು. ಅದೇ ಉಸಿರಿನಲ್ಲಿ, ಆಸ್ತಿಯ ಆಡಳಿತವು ಕಾನೂನಿಗೆ ಒಳಪಟ್ಟದ್ದು ಎಂದೂ ಹೇಳಿತು. ಗರ್ಭಗುಡಿಯ ಒಳಗಿನದನ್ನು ಕಾಪಾಡಿದ ತೀರ್ಪೇ ಲೆಕ್ಕಪುಸ್ತಕವನ್ನು ಕಾನೂನಿನ ಕೈಗೆ ಕೊಟ್ಟಿತು.

ಮೂರು ವರ್ಷಗಳ ನಂತರ, 1957ರಲ್ಲಿ, ಮೂಲ್ಕಿಯ ವೆಂಕಟರಮಣ ದೇವಸ್ಥಾನದ ಪ್ರಕರಣ ಬಂತು. ಗೌಡ ಸಾರಸ್ವತ ಬ್ರಾಹ್ಮಣ ಸಮುದಾಯದ ಆ ದೇವಸ್ಥಾನಕ್ಕೆ ದಲಿತರಾದಿಯಾಗಿ ಎಲ್ಲ ಹಿಂದೂಗಳಿಗೂ ಪ್ರವೇಶ ಕೊಡಬೇಕೇ ಎಂಬುದು ವಿವಾದ. ಪಂಗಡದ ದೇವಸ್ಥಾನವೆಂಬುದನ್ನು ಒಪ್ಪಿಯೂ ನ್ಯಾಯಾಲಯವು ಪ್ರವೇಶದ ಬಾಗಿಲು ತೆರೆಯಬೇಕೆಂದಿತು. ಆದರೆ ಪಂಗಡದವರೇ ಮಾಡಬೇಕಾದ ಕೆಲವು ಸೇವೆಗಳ ಹೊತ್ತಿನಲ್ಲಿ ಇತರರನ್ನು ಹೊರಗಿಡುವ ಹಕ್ಕನ್ನು ಉಳಿಸಿತು. ಈ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿದವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಪೂಜೆ ಹೇಗೆ ನಡೆಯಬೇಕು, ದೇವರ ಬಲಿ (ಉತ್ಸವಮೂರ್ತಿ ಹೊತ್ತು ಸುತ್ತು ಬರುವ ಸೇವೆ) ಹೊರಡುವುದು ಎಷ್ಟು ಹೊತ್ತಿಗೆ, ರಥವನ್ನು ಯಾರು ಮುಟ್ಟಬೇಕು, ತೀರ್ಥಪ್ರಸಾದದ ಕ್ರಮವೇನು ಎಂಬಲ್ಲೆಲ್ಲ ಧಾರ್ಮಿಕ ಸ್ವಾತಂತ್ರ್ಯವು ಗಟ್ಟಿಯಾಗಿ ನಿಲ್ಲುತ್ತದೆ, ಅಲ್ಲಿಯೂ ಇತರ ಮೂಲಭೂತ ಹಕ್ಕುಗಳ ಎದುರು ಅದು ಸ್ವಲ್ಪ ಬಾಗಬೇಕಾಗಬಹುದು. ಚರುಮುರಿ, ಬಳೆ, ಐಸ್‌ಕ್ರೀಂ ಮಾರುವವನ ಜಾತಿಮತ ಯಾವುದು ಎಂಬುದು ಯಾವ ಆಗಮಕ್ಕೂ ಸಂಬಂಧಿಸಿದ್ದಲ್ಲ. ಧರ್ಮಾಚರಣೆಯ ಜೊತೆಗೆ ಬರುವ ಆರ್ಥಿಕ, ಹಣಕಾಸಿನ ಮತ್ತಿತರ ಲೌಕಿಕ ಚಟುವಟಿಕೆಗಳನ್ನು ಸರ್ಕಾರ ನಿಯಂತ್ರಿಸಬಹುದೆಂದು 25ನೇ ವಿಧಿಯ 2(ಎ) ಖಂಡವೇ ಹೇಳುತ್ತದೆ. ಅದಕ್ಕೆ ಜಾತ್ರೆಯ ಸಂತೆಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಇಲ್ಲಿಗೆ ನಿಮ್ಮ ಸಮಿತಿಯವರು ಒಂದು ಕಾಗದವನ್ನು ಮುಂದಿಡುತ್ತಾರೆ, ಬಹುಶಃ ಈಗಾಗಲೇ ಇಟ್ಟಿದ್ದಾರೆ. ಕರ್ನಾಟಕ ಹಿಂದೂ ಧಾರ್ಮಿಕ ಸಂಸ್ಥೆಗಳ ಮತ್ತು ಧರ್ಮಾದಾಯ ದತ್ತಿಗಳ 1997ರ ಅಧಿನಿಯಮದ ಕೆಳಗೆ 2002ರಲ್ಲಿ ಮಾಡಿದ ನಿಯಮಗಳಲ್ಲಿ 31(12)ನೇ ನಿಯಮವೊಂದಿದೆ. ಸಂಸ್ಥೆಯ ಸಮೀಪದ ಜಮೀನು, ಕಟ್ಟಡ, ನಿವೇಶನಗಳನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎಂಬುದು ಅದರ ತಾತ್ಪರ್ಯ. 2022ರ ಮಾರ್ಚ್‌ನಲ್ಲಿ ಕಾಪುವಿನ ಮಾರಿಗುಡಿಯ ಸುಗ್ಗಿ ಮಾರಿಪೂಜೆ, ಮೂಲ್ಕಿಯ ಬಪ್ಪನಾಡು ಜಾತ್ರೆ ಮೊದಲಾದ ಕಡೆ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಡಬೇಕೆಂಬ ಬ್ಯಾನರ್‌ಗಳು ಎದ್ದಾಗ, ಆಗಿನ ಕಾನೂನು ಸಚಿವ ಜೆ.ಸಿ. ಮಾಧುಸ್ವಾಮಿಯವರು ವಿಧಾನಸಭೆಯಲ್ಲಿ ಉಲ್ಲೇಖಿಸಿದ್ದು ಈ ನಿಯಮವನ್ನೇ. ಆದರೆ ಅವರ ಮಾತಿನ ಇನ್ನೊಂದು ಭಾಗ ಅಷ್ಟಾಗಿ ಪ್ರಚಾರ ಪಡೆಯಲಿಲ್ಲ: ದೇವಸ್ಥಾನದ ಆವರಣದ ಹೊರಗೆ ಇಂಥ ನಿಷೇಧ ನಡೆದಿದ್ದರೆ ಸರಿಪಡಿಸುತ್ತೇವೆ ಎಂದೂ ಅವರು ಹೇಳಿದ್ದರು. ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಕಟ್ಟಿಸಿದನೆಂಬ ಐತಿಹ್ಯವಿರುವ ದೇವಸ್ಥಾನದ ಜಾತ್ರೆಯಲ್ಲಿ ಆ ಬ್ಯಾನರ್ ಎದ್ದಿತೆಂಬುದನ್ನು ಕರಾವಳಿಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಿಯಮದ ಪದಗಳನ್ನು ಹಿಡಿದು ನೋಡಿದರೂ ಅದು ನಿಮ್ಮ ಏಲಂಗೆ ಅನ್ವಯಿಸುತ್ತದೆಂಬುದು ನನಗೆ ಒಪ್ಪಿಗೆಯಾಗುವುದಿಲ್ಲ. ಗುತ್ತಿಗೆಯೆಂದರೆ ಸ್ಥಿರಾಸ್ತಿಯ ಮೇಲೆ ಅನುಭೋಗದ ಹಕ್ಕು ವರ್ಗಾವಣೆಯಾಗಬೇಕು. ಕೆಲವೇ ದಿನಗಳ ಮಟ್ಟಿಗೆ ನೆಲಬಾಡಿಗೆ ಕೊಟ್ಟು, ನಾಲ್ಕು ಕಂಬ ನೆಟ್ಟು, ಜಾತ್ರೆ ಮುಗಿದ ಮರುದಿನ ಕಿತ್ತುಕೊಂಡು ಹೋಗುವವನಿಗೆ ಸಿಗುವುದು ಬರಿಯ ಪರವಾನಗಿ. ಇದನ್ನು ಒಪ್ಪದ ವಕೀಲರೂ ಇದ್ದಾರೆ. ಜಾಗ ಏಲಂ ಆಗಿ ರಶೀದಿ ಹರಿದ ಮೇಲೆ ಅದು ಅಲ್ಪಾವಧಿಯ ಗುತ್ತಿಗೆಯೇ ಎಂದು ಅವರು ವಾದಿಸುತ್ತಾರೆ. ವಾದಕ್ಕೆ ಹಾಗೆಯೇ ಎಂದುಕೊಂಡರೂ, ನಿಯಮವು ಸಂವಿಧಾನಕ್ಕಿಂತ ಮೇಲಿನದಲ್ಲ. ನಿಮ್ಮದು ಇಲಾಖೆಗೆ ಸೇರಿದ ದೇವಸ್ಥಾನ, ಸರ್ಕಾರದ ಕಾನೂನಿನಡಿ ನೇಮಕವಾದ ಸಮಿತಿ. ಸಾರ್ವಜನಿಕವಾಗಿ ಏಲಂ ಕರೆಯುವಾಗ ಅದು ಪ್ರಭುತ್ವದ ಅಂಗವಾಗಿ ವರ್ತಿಸುತ್ತದೆಂಬ ವಾದ ಬಲವಾದದ್ದು. ಹಾಗೆ ವರ್ತಿಸುವ ಸಂಸ್ಥೆಯು ಧರ್ಮದ ಒಂದೇ ಕಾರಣಕ್ಕೆ ಪೌರರ ನಡುವೆ ಭೇದ ಮಾಡುವುದನ್ನು 15ನೇ ವಿಧಿ ತಡೆಯುತ್ತದೆ.

ಇದು ನನ್ನೊಬ್ಬನ ತರ್ಕವಲ್ಲ. ಆಂಧ್ರಪ್ರದೇಶ ಸರ್ಕಾರವು 2015ರಲ್ಲಿ, ದೇವಸ್ಥಾನಗಳ ಅಂಗಡಿ ಹರಾಜಿನಲ್ಲಿ ಹಿಂದೂಗಳಲ್ಲದವರು ಭಾಗವಹಿಸುವಂತಿಲ್ಲ ಎಂಬ ಆದೇಶ ಹೊರಡಿಸಿತ್ತು. ಶ್ರೀಶೈಲದಲ್ಲಿ ಬಹುಕಾಲದಿಂದ ಅಂಗಡಿ ಇಟ್ಟುಕೊಂಡಿದ್ದ ವ್ಯಾಪಾರಿಗಳು ಅದನ್ನು ಪ್ರಶ್ನಿಸಿದರು. 2019ರಲ್ಲಿ ಹೈಕೋರ್ಟ್ ಆದೇಶವನ್ನು ಎತ್ತಿಹಿಡಿಯಿತು. 2021ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠವು ಆ ತೀರ್ಪಿಗೆ ತಡೆ ಕೊಟ್ಟು, ಧರ್ಮದ ಕಾರಣಕ್ಕೆ ಯಾರನ್ನೂ ಹರಾಜಿನಿಂದಾಗಲಿ ಗುತ್ತಿಗೆಯಿಂದಾಗಲಿ ಹೊರಗಿಡುವಂತಿಲ್ಲ ಎಂದು ಮಧ್ಯಂತರ ಆದೇಶ ಮಾಡಿತು. ವಿಚಾರಣೆಯಲ್ಲಿ ಪೀಠ ಕೇಳಿದ ಪ್ರಶ್ನೆಯ ಭಾವ ಹೀಗಿತ್ತು: ದೇವಸ್ಥಾನದ ಆವರಣದಲ್ಲಿ ಮದ್ಯ ಮಾರಬಾರದೆನ್ನುವುದು ಬೇರೆ ಮಾತು; ಹೂವನ್ನೋ ಮಕ್ಕಳ ಆಟಿಕೆಯನ್ನೋ ಹಿಂದೂಗಳಲ್ಲದವರು ಮಾರಬಾರದೆನ್ನುವುದಕ್ಕೆ ಸಮರ್ಥನೆ ಎಲ್ಲಿದೆ? ಮಧ್ಯಂತರ ಆದೇಶವು ಅಂತಿಮ ತೀರ್ಪಿನ ತೂಕದ್ದಲ್ಲ, ಕರ್ನಾಟಕದ ನಿಯಮವನ್ನು ಅದು ನೇರವಾಗಿ ಮುಟ್ಟಿಯೂ ಇಲ್ಲ. ಆದರೂ ಸಮಿತಿಯ ಸಭೆಗೆ ನೀವು ಒಯ್ಯಬಹುದಾದ ಅತ್ಯಂತ ಉಪಯುಕ್ತ ಕಾಗದ ಅದು.

ರಥಬೀದಿಯ ಪ್ರಶ್ನೆ ಇನ್ನೂ ಸರಳ. ಆ ರಸ್ತೆ ಯಾರದೆಂದು ಸ್ಥಳೀಯ ಸಂಸ್ಥೆಯ ಆಸ್ತಿ ದಾಖಲೆಯಲ್ಲಿ ನೋಡಿಸಿ. ಪುರಸಭೆಯದೋ ಲೋಕೋಪಯೋಗಿ ಇಲಾಖೆಯದೋ ಆಗಿದ್ದರೆ ಅಲ್ಲಿ ಅಂಗಡಿ ಹಾಕಿಸುವ, ಹಾಕಿಸದಿರುವ ಅಧಿಕಾರವೇ ನಿಮ್ಮ ಸಮಿತಿಗೆ ಇಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಮತ್ತು ಸ್ಥಳೀಯ ಸಂಸ್ಥೆಯ ನಿಯಮಗಳು ಅಲ್ಲಿ ನಡೆಯುತ್ತವೆ. 2023ರ ಅಕ್ಟೋಬರ್‌ನಲ್ಲಿ ಮಂಗಳೂರಿನ ಮಂಗಳಾದೇವಿ ದೇವಸ್ಥಾನದ ನವರಾತ್ರಿಯ ಸಮಯದಲ್ಲಿ ಇದೇ ತಕರಾರು ಬಂದು, ಜಿಲ್ಲಾಡಳಿತ ಮಧ್ಯೆ ಪ್ರವೇಶಿಸಿ ಮುಸ್ಲಿಂ ವ್ಯಾಪಾರಿಗಳಿಗೂ ಜಾಗ ಕೊಡಿಸಿತು. ಅನಂತರ ಹಿಂದೂಗಳ ಅಂಗಡಿಗಳನ್ನು ಗುರುತಿಸಲೆಂದು ಕೇಸರಿ ಬಾವುಟ ಕಟ್ಟಿಸಲಾಯಿತು. ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಿದರು.

ಸಮಿತಿಯು ಷರತ್ತು ಹಾಕಲೇಬಾರದೆಂದು ಇದರ ಅರ್ಥವಲ್ಲ. ಮಾಂಸಾಹಾರ ಮಾರಬಾರದು, ಮದ್ಯ ಮತ್ತು ತಂಬಾಕು ಇರಬಾರದು, ಬಲಿಯ ಹೊತ್ತಿಗೆ ಧ್ವನಿವರ್ಧಕ ನಿಲ್ಲಿಸಬೇಕು, ರಥದ ದಾರಿಗೆ ಇಷ್ಟು ಅಡಿ ಬಿಟ್ಟು ಕಂಬ ನೆಡಬೇಕು ಎಂದೆಲ್ಲ ಏಲಂ ಪ್ರಕಟಣೆಯಲ್ಲಿ ಬರೆಯಿರಿ. ಕ್ಷೇತ್ರದ ಪಾವಿತ್ರ್ಯವನ್ನು ಕಾಯುವ ಹಕ್ಕು ನಿಮ್ಮದು. ಷರತ್ತು ಮಾರುವ ವಸ್ತುವಿಗೆ ಮತ್ತು ನಡವಳಿಕೆಗೆ ಇರಲಿ, ಮಾರುವವನ ಹುಟ್ಟಿಗೆ ಬೇಡ.

ಇನ್ನು ಬ್ಯಾನರ್ ಮತ್ತು ಧ್ವನಿಸಂದೇಶದ ವಿಚಾರ. ಯಾರ ಅಂಗಡಿಯಲ್ಲಿ ಬಳೆ ಕೊಳ್ಳಬೇಕೆಂಬುದು ಕೊಳ್ಳುವವರ ಇಷ್ಟ, ಅದು ಎಷ್ಟೇ ಸಣ್ಣತನದಿಂದ ಹುಟ್ಟಿದ್ದರೂ ಅಪರಾಧವಲ್ಲ. ಒಂದು ಧರ್ಮದ ಸಿದ್ಧಾಂತವನ್ನು ಟೀಕಿಸುವುದು, ಮತಾಂತರವನ್ನು ವಿರೋಧಿಸಿ ಬರೆಯುವುದು, ದೇವರಿಲ್ಲವೆಂದು ಭಾಷಣ ಮಾಡುವುದು, ಇವೂ ಅಪರಾಧವಲ್ಲ. ಅಪರಾಧ ಆರಂಭವಾಗುವುದು ಇಂಥ ಮತದಲ್ಲಿ ಹುಟ್ಟಿದವರೆಂಬ ಕಾರಣಕ್ಕೆ ಜನರ ಮೇಲೆ ವೈರ ಹುಟ್ಟಿಸಲು ಅಥವಾ ಅವರ ಹಕ್ಕನ್ನು ಕಿತ್ತುಕೊಳ್ಳಲು ಕರೆಕೊಟ್ಟಾಗ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 196 ಹಳೆಯ ಭಾರತೀಯ ದಂಡ ಸಂಹಿತೆಯ 153ಎ ಕಲಮಿನ ಸ್ಥಾನದಲ್ಲಿದೆ: ಧರ್ಮದ ಆಧಾರದ ಮೇಲೆ ಗುಂಪುಗಳ ನಡುವೆ ದ್ವೇಷ ಬೆಳೆಸುವುದು, ಸಾಮರಸ್ಯಕ್ಕೆ ಧಕ್ಕೆ ತಂದು ಸಾರ್ವಜನಿಕ ನೆಮ್ಮದಿ ಕೆಡಿಸುವಂಥ ಕೃತ್ಯ ಮಾಡುವುದು. ಕಲಂ 197, ಹಿಂದಿನ 153ಬಿ, ನಿಮ್ಮ ಬ್ಯಾನರಿಗೆ ಹೆಚ್ಚು ಹತ್ತಿರವಾದದ್ದು. ಯಾವುದಾದರೂ ಧಾರ್ಮಿಕ ಗುಂಪಿಗೆ ಸೇರಿದವರೆಂಬ ಕಾರಣಕ್ಕೆ ಒಂದು ವರ್ಗದ ಜನರಿಗೆ ಭಾರತದ ಪೌರರಾಗಿ ಇರುವ ಹಕ್ಕುಗಳನ್ನು ನಿರಾಕರಿಸಬೇಕೆಂದು ಪ್ರತಿಪಾದಿಸುವುದನ್ನು, ಸಲಹೆ ಮಾಡುವುದನ್ನು, ಪ್ರಚಾರ ಮಾಡುವುದನ್ನು ಅದು ಶಿಕ್ಷಾರ್ಹಗೊಳಿಸುತ್ತದೆ. ವ್ಯಾಪಾರ ಮಾಡುವುದು 19(1)(ಜಿ) ವಿಧಿಯ ಪ್ರಕಾರ ಪೌರರ ಹಕ್ಕು. ನಮ್ಮ ಠಾಣೆಗಳಲ್ಲಿ ಈ ಕಲಂ ಬಳಕೆಯಾಗುವುದು ತೀರಾ ಅಪರೂಪ. ಎಲ್ಲರ ಬಾಯಲ್ಲಿರುವುದು ಹಳೆಯ 153ಎ, 295ಎ ಮಾತ್ರ. ‘ಬಂದರೆ ನೋಡಿಕೊಳ್ಳುತ್ತೇವೆ’ ಎಂಬ ಮಾತಿಗೆ ಕಲಂ 351ರ ಬೆದರಿಕೆಯ ಅಪರಾಧವೂ ಸೇರಬಹುದು.

ಇಂಥ ಮಾತುಗಳನ್ನು ಯಾವ ಅಳತೆಯಿಂದ ತೂಗಬೇಕೆಂಬುದನ್ನೂ ನ್ಯಾಯಾಲಯಗಳು ಹೇಳಿವೆ. 2020ರ ಅಮೀಶ್ ದೇವಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾತಿನ ಒಳಗೇನಿದೆ, ಆಡಿದವನ ಉದ್ದೇಶವೇನು, ಅದರಿಂದ ಆಗುವ ಹಾನಿ ಏನು, ಆಡಿದವನು ಯಾರು, ಎಲ್ಲಿ, ಯಾವ ಸಂದರ್ಭದಲ್ಲಿ ಆಡಿದ ಎಂಬುದೆಲ್ಲವನ್ನೂ ನೋಡಬೇಕೆಂದಿತು. 2025ರ ಮಾರ್ಚ್‌ನ ಇಮ್ರಾನ್ ಪ್ರತಾಪಗಢಿ ತೀರ್ಪಿನಲ್ಲಿ, ಮಾತಿನ ಪರಿಣಾಮವನ್ನು ವಿವೇಕವುಳ್ಳ, ಗಟ್ಟಿ ಮನಸ್ಸಿನ, ಧೈರ್ಯವಂತ ಮನುಷ್ಯನ ದೃಷ್ಟಿಯಿಂದ ಅಳೆಯಬೇಕು, ಪ್ರತಿ ಟೀಕೆಗೂ ಕಂಗೆಡುವವರ ದೃಷ್ಟಿಯಿಂದಲ್ಲ ಎಂದಿತು. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಮಾತಿನ ಅಪರಾಧಗಳಲ್ಲಿ, ಎಫ್‌ಐಆರ್ ದಾಖಲಿಸುವ ಮೊದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದದ್ದು) ಕಲಂ 173(3)ರಂತೆ ಹದಿನಾಲ್ಕು ದಿನದೊಳಗಿನ ಪ್ರಾಥಮಿಕ ವಿಚಾರಣೆ ನಡೆಸುವುದು ಸೂಕ್ತವೆಂದೂ ಅದೇ ತೀರ್ಪು ಹೇಳಿದೆ. ಆದ್ದರಿಂದ ದೂರು ಕೊಟ್ಟ ದಿನವೇ ಎಫ್‌ಐಆರ್ ಆಗದಿದ್ದರೆ ಅದನ್ನು ಪಕ್ಷಪಾತವೆಂದು ಭಾವಿಸಬೇಡಿ. ಹದಿನೈದನೆಯ ದಿನವೂ ಆಗದಿದ್ದರೆ ಕೇಳುವ ಹಕ್ಕು ನಿಮಗಿದೆ.

ಆ ಹುಡುಗ ಹಾಕಿದ ಚಿತ್ರದ ವಿಷಯದಲ್ಲಿ ನಿಮಗೆ ನೋವಾಗಿದೆಯೆಂಬುದು ಪತ್ರದಲ್ಲಿ ಕಾಣುತ್ತದೆ, ಆ ನೋವಿಗೂ ಕಾನೂನಿನಲ್ಲಿ ಜಾಗವಿದೆ. ಕಲಂ 299, ಅಂದರೆ ಹಳೆಯ 295ಎ, ಒಂದು ವರ್ಗದ ಧಾರ್ಮಿಕ ಭಾವನೆಗಳನ್ನು ಕೆರಳಿಸುವ ಬುದ್ಧಿಪೂರ್ವಕವಾದ ಮತ್ತು ದುರುದ್ದೇಶದ ಅವಮಾನವನ್ನು ಶಿಕ್ಷಿಸುತ್ತದೆ. 1920ರ ದಶಕದಲ್ಲಿ ಲಾಹೋರಿನಲ್ಲಿ ಪ್ರವಾದಿಯವರನ್ನು ಹೀಯಾಳಿಸಿದ ಕಿರುಹೊತ್ತಗೆಯೊಂದರ ಪ್ರಕಾಶಕ ಆಗಿನ ಕಾನೂನಿನಲ್ಲಿ ಸೂಕ್ತ ಕಲಂ ಇಲ್ಲವೆಂದು ಖುಲಾಸೆಯಾದ ಮೇಲೆ, 1927ರಲ್ಲಿ ಸೇರಿಸಿದ ಕಲಂ ಇದು. ಎರಡು ವರ್ಷಗಳ ನಂತರ ಆ ಪ್ರಕಾಶಕನ ಕೊಲೆಯಾಯಿತು. 1957ರಲ್ಲಿ ರಾಮ್‌ಜಿ ಲಾಲ್ ಮೋದಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಲಮನ್ನು ಉಳಿಸಿತಾದರೂ, ಅಜಾಗರೂಕತೆಯಿಂದ ಅಥವಾ ಅರಿಯದೆ ಆದ ಅವಮಾನ ಇದರಡಿ ಬರುವುದಿಲ್ಲ ಎಂದು ಅಂಚು ಕಟ್ಟಿತು. ಅಶ್ಲೀಲವಾಗಿ ತಿರುಚಿದ ಚಿತ್ರಕ್ಕೆ ದುರುದ್ದೇಶದ ಆರೋಪ ಸುಲಭವಾಗಿ ಅಂಟುತ್ತದೆ. ಅಶ್ಲೀಲತೆಯ ಮಟ್ಟಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 67 ಕೂಡ ಇದೆ. ಹುಡುಗನಿಗೆ ಹದಿನೆಂಟು ತುಂಬಿದೆಯೇ ಎಂಬುದನ್ನು ಮೊದಲು ತಿಳಿಯಿರಿ, ತುಂಬಿರದಿದ್ದರೆ ದಾರಿ ಬೇರೆ, ಬಾಲನ್ಯಾಯ ಕಾಯ್ದೆಯದು. ಆ ಚಿತ್ರವನ್ನು ‘ನೋಡಿ ಏನು ಮಾಡಿದ್ದಾನೆ’ ಎಂದು ಇನ್ನೊಂದು ಗುಂಪಿಗೆ ರವಾನಿಸುವವರಿಗೆ ಕಲಂ 67 ಅಷ್ಟೇ ಬಲವಾಗಿ ಅನ್ವಯವಾಗುತ್ತದೆಂಬುದನ್ನು ನಿಮ್ಮವರಿಗೆ ಹೇಳಿ. ಒಂದು ಕಡೆಯ ಬ್ಯಾನರಿನ ಮೇಲೆ ಮಾತ್ರ, ಅಥವಾ ಇನ್ನೊಂದು ಕಡೆಯ ಚಿತ್ರದ ಮೇಲೆ ಮಾತ್ರ ದೂರು ಕೊಡುವ ಸಮಿತಿಯನ್ನು ಊರು ನಂಬುವುದಿಲ್ಲ. ಎರಡಕ್ಕೂ ಎರಡು ಪ್ರತ್ಯೇಕ ದೂರುಗಳನ್ನು ಒಂದೇ ದಿನ ಕೊಡಿ. ಒಂದೇ ಅರ್ಜಿಯಲ್ಲಿ ಎರಡನ್ನೂ ಬೆರೆಸಿದರೆ ಪೊಲೀಸರು ‘ಪರಸ್ಪರ ಆರೋಪ’ ಎಂದು ಬರೆದು ಶಾಂತಿಸಭೆ ಕರೆದು ಮುಗಿಸುತ್ತಾರೆ.

ದೂರಿನ ಭಾಷೆಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಇಂಥ ಪ್ರಕರಣಗಳು ಮುರಿದುಬೀಳುವುದು ಹೆಚ್ಚಾಗಿ ಅಲ್ಲಿಯೇ. ‘ಕಿಡಿಗೇಡಿಗಳು ಕೋಮುಸೌಹಾರ್ದಕ್ಕೆ ಧಕ್ಕೆ ತಂದು ನಮ್ಮ ಭಾವನೆಗೆ ನೋವುಂಟುಮಾಡಿದ್ದಾರೆ, ಸೂಕ್ತ ಕ್ರಮ ಕೈಗೊಳ್ಳಬೇಕು’ ಎಂದು ಬರೆದ ಅರ್ಜಿಯಲ್ಲಿ ಅಪರಾಧದ ಒಂದು ಅಂಶವೂ ಇರುವುದಿಲ್ಲ. ‘ಇಂಥ ತಾರೀಕು ಬೆಳಿಗ್ಗೆ ಇಷ್ಟು ಗಂಟೆಗೆ ರಥಬೀದಿಯ ಪೂರ್ವ ತುದಿಯ ವಿದ್ಯುತ್ ಕಂಬಕ್ಕೆ ಕಟ್ಟಿದ, ಸುಮಾರು ಇಷ್ಟು ಅಗಲದ ಬ್ಯಾನರ್ ನೋಡಿದೆ, ಅದರಲ್ಲಿದ್ದ ಪೂರ್ಣ ಬರಹ ಹೀಗಿದೆ, ಅದೇ ದಿನ ಮಧ್ಯಾಹ್ನ, ಇಪ್ಪತ್ತು ವರ್ಷದಿಂದ ಜಾತ್ರೆಗೆ ಬರುತ್ತಿದ್ದ ಇಂಥ ವ್ಯಾಪಾರಿ ಹೆದರಿ ಅರ್ಜಿ ಹಿಂತೆಗೆದುಕೊಂಡರು’ ಎಂದು ಬರೆದರೆ ಪದವೂ ಇದೆ, ಜಾಗವೂ ಇದೆ, ಪರಿಣಾಮವೂ ಇದೆ. ಕಡಬ ತಾಲೂಕಿನ ಮಸೀದಿಯೊಂದರ ಒಳಗೆ ‘ಜೈ ಶ್ರೀರಾಮ್’ ಕೂಗಿದ ಆರೋಪದ ಪ್ರಕರಣವನ್ನು ಕರ್ನಾಟಕ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ ರದ್ದುಪಡಿಸಿದಾಗ, ಆ ಭಾಗದಲ್ಲಿ ಹಿಂದೂ–ಮುಸ್ಲಿಮರು ಸೌಹಾರ್ದದಿಂದ ಬಾಳುತ್ತಿದ್ದಾರೆಂದು ದೂರಿನಲ್ಲೇ ಬರೆದಿದ್ದನ್ನು ನ್ಯಾಯಾಲಯ ಎತ್ತಿ ತೋರಿಸಿತು. ಮಸೀದಿಯ ಒಳಗೆ ನುಗ್ಗಿ ಕೂಗುವುದನ್ನು ಹಗುರವಾಗಿ ಕಂಡ ಆ ತೀರ್ಮಾನ ನನಗೆ ಹಿಡಿಸಿಲ್ಲ. ಆದರೂ ಅದರಿಂದ ಕಲಿಯಬೇಕಾದ್ದು ಇದೆ: ಒಳ್ಳೆಯ ಮನಸ್ಸಿನಿಂದ ಸೇರಿಸಿದ ಒಂದು ಸಾಲು ಪ್ರಕರಣದ ಬುಡವನ್ನೇ ಅಲುಗಿಸಬಹುದು.

ಸಾಕ್ಷ್ಯದ ವಿಷಯದಲ್ಲಿ, ಧ್ವನಿಸಂದೇಶದ ತುಣುಕನ್ನು ಕೊಡಬೇಡಿ. ಅದು ಬಂದ ಗುಂಪಿನ ಹೆಸರು, ಕಳುಹಿಸಿದ ಸಂಖ್ಯೆ, ದಿನಾಂಕ, ಹೊತ್ತು ಕಾಣುವಂತೆ ಪರದೆಯ ಚಿತ್ರ ತೆಗೆದು, ಪೂರ್ತಿ ಸಂದೇಶವನ್ನು ಕೊಡಿ. ಯಾವ ಫೋನಿನಲ್ಲಿ ಬಂತೋ ಆ ಫೋನನ್ನು ಮಾರಬೇಡಿ, ಚಾಟ್ ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರಂತೆ ವಿದ್ಯುನ್ಮಾನ ಸಾಕ್ಷ್ಯದ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಕಡತದ ಹ್ಯಾಶ್ ಮೌಲ್ಯವನ್ನು (ಕಡತದ ಬೆರಳಚ್ಚಿನಂಥ ಸಂಕೇತವನ್ನು) ನಮೂದಿಸಬೇಕು. ವಕೀಲರಿಗೆ ಇದು ದಿನನಿತ್ಯದ ಕೆಲಸ. ಗುಂಪಿನ ಅಡ್ಮಿನ್ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆರೋಪಿಯೆಂದು ಹೆಸರಿಸಬೇಡಿ. ಇತರರು ಹಾಕಿದ್ದಕ್ಕೆ ಅಡ್ಮಿನ್ ಹೊಣೆಯಲ್ಲವೆಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ.

ಪೂರ್ವಾನುಮತಿಯೆಂಬ ಇನ್ನೊಂದು ತೊಡಕಿದೆ, ಹೊರಗಿನವರಿಗೆ ಅದು ಕಾಣುವುದಿಲ್ಲ. ಕಲಂ 196 ಮತ್ತು 299ರ ಅಪರಾಧಗಳನ್ನು ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ ಸರ್ಕಾರದ ಅನುಮತಿ ಬೇಕು. ಎಫ್‌ಐಆರ್‌ಗೂ ತನಿಖೆಗೂ ಅದು ಬೇಕಿಲ್ಲ. ‘ಅನುಮತಿ ಬಂದ ಮೇಲೆ ದಾಖಲಿಸುತ್ತೇವೆ’ ಎಂದು ಠಾಣೆಯಲ್ಲಿ ಯಾರಾದರೂ ಹೇಳಿದರೆ ಅದು ತಪ್ಪು. ಕಲಂ 197ಕ್ಕಾದರೆ ಸುರಕ್ಷಾ ಸಂಹಿತೆಯ ಕಲಂ 217ರಂತೆ ಜಿಲ್ಲಾ ದಂಡಾಧಿಕಾರಿಯೂ ಅನುಮತಿ ಕೊಡಬಹುದು. ಕಡತ ಬೆಂಗಳೂರಿಗೆ ಹೋಗಿ ಯಾವುದೋ ಮೇಜಿನ ಮೇಲೆ ಕೂರುವ ಬದಲು ಜಿಲ್ಲೆಯಲ್ಲೇ ತೀರ್ಮಾನವಾಗಬಹುದು ಎಂಬುದೇ ನಾನು 197ನ್ನು ಒತ್ತಿ ಹೇಳುವುದಕ್ಕೆ ಎರಡನೆಯ ಕಾರಣ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧವನ್ನು ನ್ಯಾಯಾಲಯ ಮೂರು ವರ್ಷದೊಳಗೆ ವಿಚಾರಣೆಗೆ ಎತ್ತಿಕೊಳ್ಳಬೇಕೆಂಬ ಕಾಲಮಿತಿಯೂ ಇದೆ, ಅನುಮತಿಗಾಗಿ ಕಾದ ಕಾಲವನ್ನು ಆ ಲೆಕ್ಕದಿಂದ ಬಿಡಲಾಗುತ್ತದೆಂಬುದಷ್ಟೇ ಸಮಾಧಾನ. ಮತ್ತೊಂದು ಮಾತು: ಇವು ಏಳು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಾದ್ದರಿಂದ ಸಾಮಾನ್ಯವಾಗಿ ಬಂಧನವಾಗುವುದಿಲ್ಲ, ನೋಟಿಸ್ ಕೊಟ್ಟು ಕರೆಯುತ್ತಾರೆ.

ಹಾಗಾದರೆ ಜಾತ್ರೆಯ ಮೊದಲು ಏನಾಗಬಹುದು? ಶಿಕ್ಷೆಯ ಕಲಮುಗಳಿಗಿಂತ ತಡೆಯುವ ಕಲಮುಗಳು ಇಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತವೆ. ಶಾಂತಿಭಂಗದ ಸಂಭವವಿದ್ದರೆ ಸುರಕ್ಷಾ ಸಂಹಿತೆಯ ಕಲಂ 126ರಡಿ ಕಾರ್ಯನಿರ್ವಾಹಕ ದಂಡಾಧಿಕಾರಿಯು ಸಂಬಂಧಪಟ್ಟವರಿಂದ ಒಂದು ವರ್ಷದವರೆಗಿನ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಬ್ಯಾನರನ್ನು ತೆಗೆಸಲು ಅದರ ಒಳಗಿನ ಬರಹದ ಚರ್ಚೆಯೇ ಬೇಕಾಗಿಲ್ಲ. ಅನುಮತಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ಕಟ್ಟಿದ್ದೆಂದು ಪುರಸಭೆ ಆ ಹೊತ್ತೇ ತೆಗೆಯಬಹುದು, ತೆಗೆಯುವ ಮೊದಲು ಪೊಲೀಸರು ಮಹಜರು ಮಾಡಿಕೊಳ್ಳಲಿ. ದೂರಿಗೆ ಹಿಂಬರಹ ಪಡೆಯದೆ ಠಾಣೆಯಿಂದ ಹೊರಬರಬೇಡಿ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ, ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ದ್ವೇಷಭಾಷಣದ ಪ್ರಕರಣಗಳಲ್ಲಿ ಯಾರೂ ದೂರು ಕೊಡದಿದ್ದರೂ, ಆಡಿದವನ ಧರ್ಮ ಯಾವುದೇ ಇದ್ದರೂ, ಪೊಲೀಸರು ತಾವಾಗಿಯೇ ಪ್ರಕರಣ ದಾಖಲಿಸಬೇಕೆಂದು ಶಾಹೀನ್ ಅಬ್ದುಲ್ಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ಅಕ್ಟೋಬರ್‌ನಲ್ಲಿ ಮೂರು ಕಡೆಯ ಪೊಲೀಸರಿಗೆ ಹೇಳಿದ್ದನ್ನು 2023ರ ಏಪ್ರಿಲ್‌ನಲ್ಲಿ ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಗುಂಪುಹಿಂಸೆ ತಡೆಯಲು ಪ್ರತಿ ಜಿಲ್ಲೆಯಲ್ಲೂ ವರಿಷ್ಠಾಧಿಕಾರಿ ದರ್ಜೆಗಿಂತ ಕಡಿಮೆಯಲ್ಲದ ನೋಡಲ್ ಅಧಿಕಾರಿ ಇರಬೇಕೆಂಬುದು 2018ರ ತೆಹಸೀನ್ ಪೂನಾವಾಲಾ ತೀರ್ಪಿನ ನಿರ್ದೇಶನ. ನಿಮ್ಮ ದೂರಿನ ಪ್ರತಿಯೊಂದನ್ನು ಆ ಅಧಿಕಾರಿಗೂ ಕಳುಹಿಸಿ.

ಬಲವುಳ್ಳವರ ಮೇಲೆ ಕಾವಲಿನ ಹೊಣೆ ಹೊರಿಸುವುದು ಇವತ್ತಿನ ನ್ಯಾಯಾಲಯಗಳು ಹುಟ್ಟಿಸಿದ ವಿಚಾರವಲ್ಲ. ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾದಾಗ ಬುಕ್ಕರಾಯ ಮಾಡಿದ ತೀರ್ಮಾನವನ್ನು ಹೇಳುವ 1368ರ ಶ್ರವಣಬೆಳಗೊಳದ ಶಾಸನವು ಸೌಹಾರ್ದದ ಉಪದೇಶಕ್ಕೆ ನಿಲ್ಲುವುದಿಲ್ಲ. ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಅದಕ್ಕೆ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು, ಉಳಿದ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು, ಈ ಏರ್ಪಾಡನ್ನು ನೋಡಿಕೊಳ್ಳಬೇಕಾದವನು ತಿರುಮಲೆಯ ತಾತಯ್ಯ, ಅಂದರೆ ಎದುರು ಪಕ್ಷದ ಶ್ರೀವೈಷ್ಣವ. ಕಟ್ಟಳೆ ಮೀರಿದವರಿಗೆ ರಾಜದ್ರೋಹದ ಹಣೆಪಟ್ಟಿ. ಜೈನರ ಬಸದಿಯನ್ನು ಕಾಯುವ ಹೊಣೆಯನ್ನು ವೈಷ್ಣವರಿಗೇ ಕೊಟ್ಟದ್ದು ಆ ತೀರ್ಮಾನದ ಜಾಣತನ.

ಕೊನೆಯದಾಗಿ ನಿಮ್ಮ ಸ್ವಂತ ಹೊಣೆ. ಧಾರ್ಮಿಕ ಸಂಸ್ಥೆಗಳ (ದುರುಪಯೋಗ ತಡೆ) ಕಾಯ್ದೆ, 1988ರ ಪ್ರಕಾರ ಸಂಸ್ಥೆಯ ಆವರಣವನ್ನು ಧಾರ್ಮಿಕ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವ ಕೆಲಸಕ್ಕೆ ಬಳಸಲು ಬಿಡುವುದು ಅಪರಾಧ, ಹಾಗಾಗುತ್ತಿದ್ದರೆ ಪೊಲೀಸರಿಗೆ ತಿಳಿಸುವುದು ಸಂಸ್ಥೆಯ ಆಡಳಿತ ನಡೆಸುವವರ ಕರ್ತವ್ಯ. ಆದ್ದರಿಂದ ಬ್ಯಾನರ್ ನಾಳೆ ಬೀದಿಯಿಂದ ದೇವಸ್ಥಾನದ ಗೋಡೆಗೆ ಬಂದರೆ ನೀವು ಸುಮ್ಮನಿರುವಂತಿಲ್ಲ. ಸಭೆಯಲ್ಲಿ ಬಹುಮತದಿಂದ ‘ಅನ್ಯಮತೀಯರಿಗೆ ಏಲಂ ಇಲ್ಲ’ ಎಂಬ ನಿರ್ಣಯವಾದರೆ, ನಿಮ್ಮ ವಿರೋಧವನ್ನು ಕಾರಣಸಹಿತ ನಡವಳಿ ಪುಸ್ತಕದಲ್ಲಿ ಬರೆಸಿ ಸಹಿ ಮಾಡಿ. ಬರೆಯಲು ಒಪ್ಪದಿದ್ದರೆ ಅದೇ ದಿನ ಕಾರ್ಯನಿರ್ವಹಣಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ನಿರ್ಣಯದ ದೃಢೀಕೃತ ನಕಲು ಪಡೆದು, ಶ್ರೀಶೈಲ ಪ್ರಕರಣದ ಆದೇಶದ ಪ್ರತಿಯೊಂದಿಗೆ ಧಾರ್ಮಿಕ ದತ್ತಿ ಇಲಾಖೆಯ ಸಹಾಯಕ ಆಯುಕ್ತರಿಗೂ ಜಿಲ್ಲಾಧಿಕಾರಿಗೂ ಕಳುಹಿಸಿ. ಅವರೂ ಮೌನವಾಗಿದ್ದರೆ, ಏಲಂನಿಂದ ಹೊರಗುಳಿದ ವ್ಯಾಪಾರಿಯೇ ರಿಟ್ ಅರ್ಜಿ ಹಾಕುವುದು ಬಲವಾದ ದಾರಿ. ಆ ಅರ್ಜಿಯ ಜೊತೆಗೆ ಲಗತ್ತಿಸಲು ನಿಮ್ಮ ಭಿನ್ನಮತದ ನಕಲನ್ನು ಅವರಿಗೆ ಕೊಡಿ. ಜಾತ್ರೆಗೆ ಎರಡು ದಿನವಿದೆ ಎನ್ನುವಾಗ ಹೈಕೋರ್ಟಿಗೆ ಹೋದರೆ ತಡವಾಯಿತೆಂದು ಹೇಳಿಸಿಕೊಳ್ಳಬೇಕಾಗುತ್ತದೆ. ಏಲಂ ಪ್ರಕಟಣೆ ಹೊರಬಿದ್ದ ವಾರದಲ್ಲೇ ಈ ಕೆಲಸವಾಗಬೇಕು.